ಒಣಹಣ್ಣಿನ ಪಾಕ

ಚಡಚಣ, ಇಂಡಿ ಮೊದಲಾದ ಊರುಗಳ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಈ ಬಿಸಿಲನ್ನು ಹಳಿಯುವವರೇ ಬಹಳ. ಆದರೆ ದ್ರಾಕ್ಷಿ ಬೆಳೆಯುವ ರೈತನಿಗೆ ಇದೇ ಒಣ ಹವೆಯು ಬಂಡವಾಳವಾಗಿರುವದು. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿಯು ದೂರದ ಪೇಟೆಗಳಿಗೆಲ್ಲ ಹೋಗುತ್ತದೆ; ನಮ್ಮ ಮನೆಗಳಲ್ಲಿ ಮಾತ್ರ ಅದು ಪಾಯಸದಲ್ಲಿ ನಾಲ್ಕು ಕಾಳು, ಉಂಡಿಯ ಮೇಲೊಂದು ಕಾಳು ಎಂಬಷ್ಟಕ್ಕೇ ನಿಂತಿದೆ. ಅದನ್ನೇ ಮುಖ್ಯ ಪದಾರ್ಥವಾಗಿ ಮಾಡಿಕೊಂಡು ತಯಾರಿಸಬಹುದಾದ ಒಂದು ಪಾಕವನ್ನು ಗೃಹಿಣಿಯರಿಗೆ ತಿಳಿಸುವದು ಈ ಲೇಖನದ ಉದ್ದೇಶ.

ಇಂಥ ಪಾಕವು ಜಗತ್ತಿಗೆ ಹೊಸದಲ್ಲ. ತುರ್ಕಿ, ಈಜಿಪ್ತ ದೇಶಗಳಲ್ಲಿ ಒಣಹಣ್ಣುಗಳನ್ನು ನೀರಿನಲ್ಲಿ ನೆನೆಸಿ ಇಲ್ಲವೆ ಕುದಿಸಿ, ರಸದೊಡನೆ ಸೇವಿಸುವರು. ರಮಜಾನದ ಉಪವಾಸ ಮುಗಿದ ಸಂಜೆಗೆ ಅದು ಪ್ರಿಯವಾದ ಆಹಾರ. 'ಖುಶಾಫ' ಎಂಬ ಅದರ ಹೆಸರು 'ಹಿತವಾದ ನೀರು' ಎಂಬರ್ಥದ ಪಾರಸಿ ಮಾತಿನಿಂದ ಬಂದುದು.

ಮೊದಲು ಹಣ್ಣಿನ ಆಯ್ಕೆಯ ವಿಚಾರ. ಫೆಬ್ರುವರಿಯಿಂದ ಏಪ್ರಿಲದ ವರೆಗೆ ಕೊಯ್ದ ಗೊನೆಗಳನ್ನು, ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸುವ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದ ಬಲೆಗಳ ಮೇಲೆ ಸುಮಾರು 15 ದಿನ ಒಣಗಿಸುವರು. 4 ಕಿಲೋ ಹಸಿ ಹಣ್ಣಿಗೆ ಸುಮಾರು 1 ಕಿಲೋ ಒಣದ್ರಾಕ್ಷಿ ದೊರೆಯುವದು. ಇಷ್ಟರೊಳಗೆ ಒಂದು ಅಕಾಲ ಮಳೆ ಬಿದ್ದರೆ ಸಾಕು, ಹಣ್ಣು ಕಂದಾಗಿ ಬೆಲೆ ಇಳಿಯುವದು. ವರ್ಷದ ದುಡಿತವು ಒಂದೇ ರಾತ್ರಿಯಲ್ಲಿ ನೀರುಪಾಲು. ಕೊಳ್ಳುವವರಿಗೆ ಹೊಂಬಣ್ಣವೇ ಬೇಕೆಂದು ಹಲವೆಡೆ ಗಂಧಕದ ಹೊಗೆಯನ್ನೂ ಕೊಡುವರು. ಆದರೆ ಪಾಕದ ಪಾತ್ರೆಯಲ್ಲಿ ಬಣ್ಣಕ್ಕೆ ಏನು ಬೆಲೆ? ಕಂದು ಹಣ್ಣೂ ಅಷ್ಟೇ ಸಿಹಿ. ಆದುದರಿಂದ ಬಣ್ಣವನ್ನು ನೋಡಿ ಕೊಳ್ಳದೆ ರುಚಿಯನ್ನು ನೋಡಿ ಕೊಳ್ಳಬೇಕು. ಬೂಷ್ಟು ಹಿಡಿದ ಹಣ್ಣನ್ನೂ ಹುಳಿವಾಸನೆ ಬರುವ ಹಣ್ಣನ್ನೂ ಮಾತ್ರ ಮುಟ್ಟಬಾರದು.

ಬೇಕಾಗುವ ಸಾಮಾನು: ಒಣದ್ರಾಕ್ಷಿ 250 ಗ್ರಾಂ, ಉತ್ತತ್ತಿ 100 ಗ್ರಾಂ, ಒಣ ಅಂಜೂರ 100 ಗ್ರಾಂ, ಬೆಲ್ಲ 50 ಗ್ರಾಂ, ನೀರು ಮುಕ್ಕಾಲು ಲೀಟರು, ಎರಡು ಅಂಗುಲ ದಾಲ್ಚಿನ್ನಿ, 4 ಲವಂಗ, 4 ಯಾಲಕ್ಕಿ, 6 ಕಾಳು ಮೆಣಸು, ಒಂದು ಸಣ್ಣ ತುಂಡು ಒಣಶುಂಠಿ, ಕೊನೆಗೆ 2 ನಿಂಬೆಹಣ್ಣು. ನಿಂಬೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಉತ್ತತ್ತಿಯ ಬೀಜ ತೆಗೆದು, ಸೀಳಿ, ಅಳತೆಯ ನೀರಿನಲ್ಲಿಯೇ ರಾತ್ರಿಯೆಲ್ಲ ನೆನೆಯಿಡಬೇಕು. ಮರುದಿನ ಒಣದ್ರಾಕ್ಷಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಇದರಿಂದ ಧೂಳು ಹೋಗುವದು. ಗಂಧಕವು ಮಾತ್ರ ಪೂರ್ಣವಾಗಿ ಹೋಗುವದಿಲ್ಲ. ಕೆಲವು ಉಬ್ಬಸದ ರೋಗಿಗಳಿಗೆ ಅದು ಬಾಧಕವಾದುದರಿಂದ, ಅಂಥವರಿರುವ ಮನೆಯಲ್ಲಿ ಗಂಧಕ ತಾಗದ ಹಣ್ಣನ್ನೇ ವಿಚಾರಿಸಿ ತರುವದು ಲೇಸು.

ನೆನೆದ ಉತ್ತತ್ತಿಯನ್ನು ಅದೇ ನೀರಿನೊಡನೆ ಸಣ್ಣ ಉರಿಯ ಮೇಲಿಟ್ಟು, ಅದು ಮೆತ್ತಗಾಗುವ ವರೆಗೆ ಬೇಯಿಸಬೇಕು. ಬಳಿಕ ಒಣದ್ರಾಕ್ಷಿ, ಹೋಳು ಮಾಡಿದ ಅಂಜೂರ, ಬೆಲ್ಲಗಳನ್ನು ಹಾಕಬೇಕು. ಸಾಂಬಾರ ಪದಾರ್ಥಗಳನ್ನು ಜಜ್ಜಿ, ತೆಳುವಾದ ಶುಭ್ರ ಅರಿವೆಯಲ್ಲಿ ಗಂಟು ಕಟ್ಟಿ ಒಳಗೆ ಬಿಡಬೇಕು. ಹೀಗೆ ಮಾಡಿದರೆ ಉಣ್ಣುವಾಗ ಮಕ್ಕಳ ಬಾಯಿಗೆ ಲವಂಗ ಸಿಕ್ಕುವದಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಹಣ್ಣು ಉಬ್ಬಿ, ರಸವು ಚಮಚಕ್ಕೆ ಹತ್ತುವಷ್ಟು ಮಂದವಾಗುವದು. ಉರಿ ಹೆಚ್ಚಿಸಿದರೆ ಹಣ್ಣು ಒಡೆದು ಮುದ್ದೆಯಾಗುವದು. ಕೆಳಗಿಳಿಸಿ ಗಂಟನ್ನು ತೆಗೆದು, ಆರಿದ ಮೇಲೆಯೇ ನಿಂಬೆಯ ರಸ ಹಿಂಡಬೇಕು. ಕುದಿಯುವಾಗ ಹಿಂಡಿದರೆ ಅದರ ಸುವಾಸನೆ ಉಳಿಯದು. ಹುಳಿಯ ಪದಾರ್ಥವಾದುದರಿಂದ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆ ಸರ್ವಥಾ ಬೇಡ.

ಈ ಪಾಕವು ಚಪಾತಿಗೂ ಸಜ್ಜಕಕ್ಕೂ ಕೆನೆಮೊಸರಿಗೂ ಒಪ್ಪುವದು. ಶುಭ್ರವಾದ ಗಾಜಿನ ಭರಣಿಯಲ್ಲಿ ತುಂಬಿ ಶೀತಕ ಪೆಟ್ಟಿಗೆಯಲ್ಲಿಟ್ಟರೆ ಒಂದು ವಾರ ಇರುವದು. ಅದಿಲ್ಲದವರು ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಹಣ್ಣಿನಲ್ಲಿಯೇ ಸಕ್ಕರೆಯ ಅಂಶ ಹೇರಳವಾಗಿರುವದರಿಂದ ಮಧುಮೇಹಿಗಳು ಇದನ್ನು ಔಷಧವೆಂದು ಭಾವಿಸಬಾರದು. ವೈದ್ಯರ ಸಲಹೆಯಂತೆ ನಡೆಯಬೇಕು.

ಪೇಟೆಯಿಂದ ತಂದ ಜಾಮಿನ ಶೀಸೆಯಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚಾಗಿರುವದುಂಟು. ಈ ಪಾಕದಲ್ಲಿ ಹಣ್ಣು ಹಣ್ಣಾಗಿಯೇ ಕಾಣುವದು. ಅದಕ್ಕಿಂತಲೂ ದೊಡ್ಡ ಮಾತೊಂದಿದೆ. ಪೇಟೆಯಲ್ಲಿ ಯಾವ ಬಣ್ಣಕ್ಕೆ ಬೆಲೆ ಬರಬೇಕೆಂಬುದನ್ನು ಕಟ್ಟಕಡೆಗೆ ನಿರ್ಣಯಿಸುವವರು ಕೊಳ್ಳುವವರೇ. ಗೃಹಿಣಿಯು ಕಂದು ಹಣ್ಣನ್ನು ಕೇಳಿ ಕೊಂಡರೆ, ಮಳೆಗೆ ಸಿಕ್ಕಿಯೂ ಕೆಡದೆ ಉಳಿದ ಬೆಳೆಗೆ ಒಂದು ಗಿರಾಕಿ ಹೆಚ್ಚಾದಂತಾಯಿತು. ಗಂಧಕದ ಹೊಗೆಗೆ ಒಂದು ಕಾರಣ ಕಡಿಮೆಯಾದಂತಾಯಿತು.