ಕಾರು ಬುಕ್ ಮಾಡುವ ಮೊದಲು ಕಾಳಗಿಯ ಬಿಸಿಲನ್ನೂ ಲೆಕ್ಕಕ್ಕಿಡಿ

ಕಾಳಗಿಯಲ್ಲಿ ಇಲೆಕ್ಟ್ರಿಕ್ ಕಾರಿನ ಮಾಲಕರ ಜೊತೆ ಚಹಾಕ್ಕೆ ಕುಳಿತರೆ ನಮ್ಮ ಮಾತು ಹೊಸ ಮಾದರಿಗಳ ಕಡೆಗೇ ಹೊರಳುತ್ತದೆ. 2020ರ ಟಾಟಾ ನೆಕ್ಸಾನ್‌ಗೆ ಒಂದು ಚಾರ್ಜಿಗೆ 312 ಕಿ.ಮೀ. ಎಂದಿದ್ದ ಕಂಪೆನಿ, 2024ರ ದೊಡ್ಡ ಬ್ಯಾಟರಿಗೆ 489 ಎನ್ನುತ್ತದೆ. ಎಂಜಿ ವಿಂಡ್ಸರ್ ಪ್ರೊಗೆ 449.

“ಕಾಗದದ ಲೆಕ್ಕ ನಂಬಬ್ಯಾಡ್ರಿ, ಬ್ಯಾಸಗ್ಯಾಗ ಎಸಿ ಹಾಕಿದ್ರ ಕಡಿಮಿ ಆಗ್ತದ” ಎನ್ನುತ್ತಾರೆ ಇಲ್ಲಿನವರು. ನಿಜವೇ. ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ.

ಕಲಬುರಗಿಗೆ ಹೋಗಿಬರಲು ಹಳೆಯ ಬ್ಯಾಟರಿಯೇ ಸಾಕು. ಆದರೆ ಮದುವೆಗೆಂದು ಮಂಗಳೂರಿಗೆ ಹೊರಟಾಗ ಕಾರಿನಲ್ಲಿ ಉಮ್ಮ, ಮಕ್ಕಳು ಇರುತ್ತಾರೆ. ದಾರಿಯ ಚಾರ್ಜರ್ ಕೆಟ್ಟಿದ್ದರೆ? ಮುಂದಿನದಕ್ಕೆ ತಲುಪುವಷ್ಟು ಚಾರ್ಜ್ ಉಳಿದಿರಲೇಬೇಕು.

ಹಾಗಾಗಿ ಲಕ್ಷ ರೂಪಾಯಿ ಹೆಚ್ಚು ಕೊಡುವ ಮೊದಲು ನಮ್ಮ ಓಡಾಟ ಎಷ್ಟು, ಮನೆಯಲ್ಲಿ ಅರ್ಥಿಂಗ್ ಸರಿ ಇದೆಯೇ ಎಂದು ನೋಡೋಣ. ಬಣ್ಣ ಆಮೇಲೆ ಆರಿಸಿದರಾಯಿತು.