ತಿನ್ನಿ ಎನ್ನುವವರೂ ಅವರೇ, ತೆಳ್ಳಗಾಗಿ ಎನ್ನುವವರೂ ಅವರೇ

ಒಂದೇ ಧಾರಾವಾಹಿಯ ನಡುವೆ ಎರಡು ಜಾಹೀರಾತುಗಳು ಬರುತ್ತವೆ. ಮೊದಲನೆಯದರಲ್ಲಿ ಚಿತ್ರತಾರೆಯೊಬ್ಬಳು ಚಿಪ್ಸ್ ಪೊಟ್ಟಣ ಹರಿದು ಒಂದರ ಹಿಂದೊಂದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಇನ್ನೊಬ್ಬಳು ಕೆಲವೇ ವಾರಗಳಲ್ಲಿ ಸೊಂಟ ಸಣ್ಣದಾಗುವ ಬಗೆಯನ್ನು ಹೇಳಿಕೊಡುತ್ತಾಳೆ. ನೂರು ಗ್ರಾಂ ಆಲೂಗಡ್ಡೆ ಚಿಪ್ಸ್‌ನಲ್ಲಿ ಸುಮಾರು 530ರಿಂದ 550 ಕ್ಯಾಲರಿ ಇರುತ್ತದೆ, ತೂಕದ ಮೂರನೇ ಒಂದು ಭಾಗ ಎಣ್ಣೆ. ಅದನ್ನು ದಿನವೂ ಹಾಗೆ ಮುಕ್ಕುವವರ ಸೊಂಟ ಹಾಗೆಯೇ ಉಳಿಯುವುದು ಕಷ್ಟ. ನೋಡುವ ಹುಡುಗಿಗೆ ಮಾತ್ರ ಎರಡೂ ಬೇಕು. ತಿಂದ ಮೇಲೆ ಅವಳಿಗೆ ಏನೋ ತಪ್ಪು ಮಾಡಿದ ಅಳುಕು. ಆ ಅಳುಕಿಗೆ ಮತ್ತೊಂದು ಕಂಪೆನಿಯ ಬಳಿ ಮದ್ದು ಸಿದ್ಧವಿರುತ್ತದೆ.

ಇದು ಎಲ್ಲಿಯವರೆಗೆ ಹೋಯಿತೆಂದರೆ, 2018ರ ಮೇ ತಿಂಗಳಲ್ಲಿ ಅಮೇರಿಕದ ಟಿ.ವಿ. ತಾರೆ ಕಿಮ್ ಕರ್ದಾಶಿಯನ್ ಇನ್‌ಸ್ಟಾಗ್ರಾಂನಲ್ಲಿ ಒಂದು ಲಾಲಿಪಾಪ್‌ನ ಜಾಹೀರಾತು ಹಾಕಿದರು. ಹಸಿವನ್ನು ಅಡಗಿಸುವ ಲಾಲಿಪಾಪ್! ಮಕ್ಕಳು ಚೀಪುವ ಮಿಠಾಯಿಯನ್ನೇ ಊಟ ಬಿಡಿಸುವ ಸಾಧನವಾಗಿ ಮಾರಿದರು. ಅದನ್ನು ಬಹಿರಂಗವಾಗಿ ಖಂಡಿಸಿದವರಲ್ಲಿ ಬ್ರಿಟಿಷ್ ನಟಿ ಜಮೀಲಾ ಜಮೀಲ್ ಪ್ರಮುಖರು. ತಂದೆ ಭಾರತೀಯ ಮೂಲದವರು, ತಾಯಿ ಪಾಕಿಸ್ತಾನ ಮೂಲದವರು. ಹದಿಹರೆಯದಲ್ಲಿ ಊಟ ಬಿಡುವ ಕಾಯಿಲೆಯಿಂದ ನರಳಿದ್ದ ಈಕೆಗೆ ಆ ಜಾಹೀರಾತಿನ ಪರಿಣಾಮ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ವರ್ಷ ಕರ್ದಾಶಿಯನ್ ಸಹೋದರಿಯರ ಚಿತ್ರದ ಮೇಲೆ ಪ್ರತಿಯೊಬ್ಬಳ ತೂಕವನ್ನು ಬರೆದು ಯಾರೋ ಪ್ರಚಾರ ಮಾಡಿದಾಗಲೂ ಅವರು ಸುಮ್ಮನಿರಲಿಲ್ಲ. ನನ್ನ ತೂಕವೆಂದರೆ ನನ್ನ ಗೆಳೆತನಗಳು, ನನ್ನ ಕೆಲಸ, ನನ್ನ ಪ್ರಾಮಾಣಿಕ ದುಡಿಮೆ ಎಂಬರ್ಥದಲ್ಲಿ ಬರೆದರು. ಲೋಕದ ನಾನಾ ಕಡೆಯ ಹೆಣ್ಣುಮಕ್ಕಳು ತಮ್ಮ 'ತೂಕ'ವನ್ನು ಹಾಗೆಯೇ ಬರೆಯತೊಡಗಿದರು. 2019ರ ಸೆಪ್ಟೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ, ತೂಕ ಇಳಿಸುವ ವಸ್ತುಗಳನ್ನು ಮಾರುವ ಇಂತಹ ಪ್ರಚಾರಗಳು 18 ವರ್ಷದೊಳಗಿನವರಿಗೆ ಕಾಣದಂತೆ ನಿಯಮ ತಂದಿತು.

ಪರದೆಗೆ ಅಷ್ಟು ಶಕ್ತಿ ಇದೆಯೇ ಎಂದು ಕೇಳುವವರು ಫಿಜಿ ದ್ವೀಪದತ್ತ ನೋಡಬೇಕು. ಅಲ್ಲಿ ತುಂಬಿದ ಮೈಯೇ ಸೌಂದರ್ಯ, ಬಂದವರಿಗೆ ಹೊಟ್ಟೆ ತುಂಬ ಉಣಿಸುವುದೇ ಮರ್ಯಾದೆ. ನದ್ರೋಗಾ ಪ್ರಾಂತಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಹಾರ್ವರ್ಡ್‌ನ ಆನ್ ಬೆಕರ್ ಎಂಬ ಸಂಶೋಧಕಿ ಆಗ ಶಾಲಾ ಬಾಲಕಿಯರನ್ನು ವಿಚಾರಿಸಿದಾಗ ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ವಿಚಾರಿಸಿದಾಗ ಹಾಗೆಂದವರು ಶೇ. 11.3. ನಾನು ದಪ್ಪಗಿದ್ದೇನೆ ಎಂದು ಒಮ್ಮೊಮ್ಮೆಯಾದರೂ ಅನ್ನಿಸುತ್ತದೆ ಎಂದವರು ಶೇ. 74. ಬರೀ ಮೂರು ವರ್ಷ!

ನಮ್ಮಲ್ಲೂ ಹಿಂದೆ ತವರಿಗೆ ಬಂದ ಮಗಳನ್ನು "ಮೈಕೈ ತುಂಬಿಕೊಂಡಿದ್ದೀಯ" ಎಂದರೆ ಅದು ಹೊಗಳಿಕೆ. ಈಗ ಅದೇ ಮಾತು ಕೇಳಿದವಳು ರಾತ್ರಿಯ ಊಟ ಬಿಡುತ್ತಾಳೆ. 2008ರಲ್ಲಿ 'ತಶನ್' ಚಿತ್ರಕ್ಕಾಗಿ ಕರೀನಾ ಕಪೂರ್ ಇಳಿಸಿಕೊಂಡ ಮೈಯಿಂದ 'ಸೈಜ್ ಝೀರೋ' ಎಂಬ ಮಾತು ನಮ್ಮ ಮನೆಗಳಿಗೂ ಬಂತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್‌ಗೆ ವಯಸ್ಸು ಕೇವಲ 21. ಇತ್ತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಊಟ ಬಿಡುವ ಹುಡುಗಿ ಈ ಲೆಕ್ಕದೊಳಗೇ ಇದ್ದಾಳೆ.

ನಮ್ಮ ಹತ್ತನೆಯ ತರಗತಿಯ ಒಬ್ಬಳು ಬೆಳಗ್ಗೆ ಬರೀ ಲಿಂಬೆ ನೀರು ಕುಡಿದು ಬರುತ್ತಾಳೆಂದು ಅವಳ ತಾಯಿ ಕಣ್ಣೀರಿಟ್ಟರು. ಸಂಜೆ ಗೇಟಿನ ಬಳಿಯ ಅಂಗಡಿಯಲ್ಲಿ ಐದು ರೂಪಾಯಿಯ ಪೊಟ್ಟಣ ಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಎರಡೂ ಜಾಹೀರಾತುಗಳಿಗೆ ಅವಳು ವಿಧೇಯಳಾಗಿದ್ದಳು.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿ ತಪ್ಪಿಸುವ ಜಾಹೀರಾತಿನಲ್ಲಿ ನಟಿಸಿದ ತಾರೆಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. 2022ರ ಮಾರ್ಗಸೂಚಿಗಳು ಮಕ್ಕಳ ಕಾರ್ಯಕ್ರಮಗಳ ನಡುವೆ ಚಿಪ್ಸ್‌ನಂತಹ ತಿಂಡಿಗಳ ಜಾಹೀರಾತನ್ನು ನಿಷೇಧಿಸಿವೆ. ತಮ್ಮ ಮೈಯ ಬಗ್ಗೆ ಮಕ್ಕಳಲ್ಲಿ ಕೀಳರಿಮೆ ಹುಟ್ಟಿಸಬಾರದೆಂದೂ ಹೇಳಿವೆ. ಆದರೆ ನಮ್ಮ ಮಕ್ಕಳು ನೋಡುವುದು ಅಮ್ಮಂದಿರ ಧಾರಾವಾಹಿಯನ್ನು ಮತ್ತು ಮೊಬೈಲನ್ನು. ಅಲ್ಲದೆ ಕಾನೂನು ಸುಳ್ಳನ್ನು ಹಿಡಿಯಬಲ್ಲದು. ಒಂದು ಮಾತೂ ಆಡದೆ ಸೊಂಟ ತೋರಿಸಿ ಹೋಗುವ ಚಿತ್ರವನ್ನು ಹಿಡಿಯುವುದು ಹೇಗೆ?

ಎಲ್ಲವನ್ನೂ ಕಂಪೆನಿಗಳ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಸಂಬಂಧ ಹುಡುಕುವಾಗ "ಹುಡುಗಿ ತೆಳ್ಳಗಿರಬೇಕು" ಎಂದು ದಲ್ಲಾಳಿಗೆ ಹೇಳಿ ಕಳುಹಿಸುವವರು ಯಾರು? ನಮ್ಮದೇ ಮನೆಯ ಹಿರಿಯರು, ಅದರಲ್ಲೂ ಹೆಂಗಸರು. ಒಳಗೆ ಕುಳಿತ ಮಗಳು ಆ ಫೋನ್ ಮಾತನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ.