ಬೆಕ್ಕಿನ ಮರಿ ಅಕ್ಕಿ ಮೂಟೆ ಮೇಲೆ ಗಲೀಜು ಮಾಡ್ತಿದೆಯಾ? ಹೊಡೆಯುವ ಮೊದಲು, ಫಿನಾಯಿಲ್ ಸುರಿಯುವ ಮೊದಲು ಇದನ್ನು ಓದಿ

ನೆಲ್ಯಹುದಿಕೇರಿ: ಇಲಿ ಕಾಟಕ್ಕೆ ಅಂತ ಅಂಗಡಿಗೆ ಒಂದು ಬೆಕ್ಕಿನ ಮರಿ ತರುವುದು ಹೊಸ ವಿಷಯ ಏನಲ್ಲ. ಮೊದಲ ವಾರ ಎಲ್ಲರಿಗೂ ಮುದ್ದು. ಎರಡನೇ ವಾರ ಅಕ್ಕಿ ಮೂಟೆ ಹಿಂದಿನಿಂದ ವಾಸನೆ ಶುರು. ಮೂರನೇ ವಾರಕ್ಕೆ ಮರಿಯನ್ನು ಗೋಣಿಚೀಲಕ್ಕೆ ತುಂಬಿ ಸೇತುವೆ ದಾಟಿಸಿ ಸಿದ್ದಾಪುರದ ಕಡೆಗೋ, ಯಾವುದಾದರೂ ತೋಟದ ಗೇಟಿನ ಹತ್ತಿರವೋ ಬಿಟ್ಟು ಬರುವ ಮಾತು ಬರುತ್ತೆ. "ಇದು ಭಾರೀ ಹಠಮಾರಿ, ಎಷ್ಟು ಹೊಡೆದರೂ ಬುದ್ಧಿ ಬರಲ್ಲ" ಅನ್ನೋದು ಎಲ್ಲರದ್ದೂ ಒಂದೇ ದೂರು.

ಹಾಗೆ ಬಿಟ್ಟು ಬರುವುದು ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವಂತಿಲ್ಲ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ, ಈಗ ಎರಡು ಟೀಗೆ ಕೊಡುವಷ್ಟು ದುಡ್ಡು. ಹಾಗಾಗಿ ಯಾರೂ ದಂಡಕ್ಕೆ ಹೆದರಿ ಸುಮ್ಮನಾಗಲ್ಲ. ಆದರೆ ಮರಿ ಬಿಡಬೇಕಾದ ಅಗತ್ಯವೇ ಇಲ್ಲ, ಯಾಕೆಂದರೆ ಹೆಚ್ಚಿನ ಮರಿಗಳ ಹಠ ಒಂದು ಬೇಸಿನ್ ಮತ್ತು ಎರಡು ಹಿಡಿ ಮಣ್ಣಿನಲ್ಲಿ ಮುಗಿಯುವಂಥದ್ದು.

ಕೆರೆದು, ಗುಂಡಿ ಮಾಡಿ, ಮುಚ್ಚುವುದು ಬೆಕ್ಕಿಗೆ ಹುಟ್ಟಿನಿಂದಲೇ ಬಂದ ಬುದ್ಧಿ. ಹುಟ್ಟಿದ ಮೊದಲ ಕೆಲವು ವಾರ ತಾಯಿ ನೆಕ್ಕಿದರೆ ಮಾತ್ರ ಮರಿಗೆ ಮಲ, ಮೂತ್ರ ಹೋಗುತ್ತೆ. ಮೂರು-ನಾಲ್ಕು ವಾರ ಆಗುತ್ತಿದ್ದಂತೆ ಅದೇ ಸ್ವಂತವಾಗಿ ಸಡಿಲ ಮಣ್ಣು ಹುಡುಕಲು ಶುರು ಮಾಡುತ್ತೆ. ಅಂದರೆ ಕಲಿಸುವ ಕೆಲಸ ಕಡಿಮೆ, ಜಾಗ ತೋರಿಸುವ ಕೆಲಸ ಜಾಸ್ತಿ. ಸಿಮೆಂಟ್ ನೆಲದ ಅಂಗಡಿಯಲ್ಲಿ ಕೆರೆಯಲು ಸಿಗುವುದು ಗೋಣಿಚೀಲ, ಹಳೇ ಬಟ್ಟೆ, ಸೋರಿದ ಅಕ್ಕಿ. ಮರಿ ಅಲ್ಲಿಗೇ ಹೋಗುತ್ತೆ, ಬೇರೆ ಎಲ್ಲಿಗೆ ಹೋಗಬೇಕು?

"ಹಿಂದೆಲ್ಲಾ ಬೆಕ್ಕು ಹೊರಗೆ ಹೋಗಿ ಬರ್ತಿತ್ತಲ್ಲ" ಅಂತ ಕೇಳಬಹುದು. ಹೌದು, ಹಿತ್ತಲು ಇದ್ದವರ ಮನೆಯಲ್ಲಿ ಈಗಲೂ ಹೋಗುತ್ತೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಯಲ್ಲಿ ಮಣ್ಣೆಲ್ಲ ಕೆಸರು, ಬೆಕ್ಕಿಗೆ ಒದ್ದೆ ಕಾಲು ಅಂದರೆ ಆಗಲ್ಲ. ಲೈನ್ ಮನೆಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಹಿತ್ತಲೇ ಇರಲ್ಲ. ತೋಟದ ಅಂಚಿನ ಮನೆಯವರು ಕಾಡಾನೆ ಭಯದಲ್ಲಿ ಕತ್ತಲಾದ ಮೇಲೆ ಬಾಗಿಲು ತೆಗೆಯಲ್ಲ. ರಾತ್ರಿ ಹತ್ತು ಗಂಟೆಗೆ ಮರಿ ಬಾಗಿಲು ಕೆರೆದರೆ ಏನು ಮಾಡೋದು? ಒಳಗೇ ಒಂದು ವ್ಯವಸ್ಥೆ ಬೇಕಾಗುವುದು ಇದಕ್ಕೇ.

ವ್ಯವಸ್ಥೆಗೆ ದುಡ್ಡು ಬೇಕಿಲ್ಲ. ಅಂಚು ತಗ್ಗಿರುವ ಪ್ಲಾಸ್ಟಿಕ್ ಬೇಸಿನ್ ಅಥವಾ ಒಂದು ಬದಿ ಕತ್ತರಿಸಿದ ಹಳೇ ಟಬ್ ಸಾಕು. ಮರಿ ಸಲೀಸಾಗಿ ಹತ್ತಿ ಇಳಿಯಬೇಕು, ಒಳಗೆ ಒಂದು ಸುತ್ತು ತಿರುಗಬೇಕು. ಬೆಕ್ಕು ದೊಡ್ಡದಾದ ಮೇಲೆ ಅದರ ಉದ್ದದ ಒಂದೂವರೆ ಪಟ್ಟು ಇರುವ ಟಬ್ ಬೇಕು. ಬಿಸ್ಕೆಟ್ ಕಾರ್ಟನ್ ಇಟ್ಟರೆ ಎರಡು ದಿನದಲ್ಲಿ ನೆನೆದು ಹರಿದು ಹೋಗುತ್ತೆ, ಇಡುವುದಾದರೆ ಒಳಗೆ ಪ್ಲಾಸ್ಟಿಕ್ ಹಾಸಿ.

ಒಳಗೆ ಏನು ತುಂಬುವುದು ಅನ್ನುವುದರಲ್ಲೇ ಹೆಚ್ಚಿನವರು ತಪ್ಪುವುದು. ಪೇಟೆಯಲ್ಲಿ ಚೀಲದಲ್ಲಿ ಸಿಗುವ ಬೆಕ್ಕಿನ ಮರಳು ಹೆಚ್ಚಾಗಿ ಬೆಂಟೊನೈಟ್ ಜೇಡಿಮಣ್ಣು. ನಮ್ಮ ದೇಶದಲ್ಲಿ ಇದು ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಕಡೆ ಸಿಗುತ್ತೆ. ನೀರು ಬಿದ್ದ ಕೂಡಲೇ ಉಂಡೆ ಕಟ್ಟುತ್ತೆ, ಉಂಡೆ ಎತ್ತಿ ಬಿಸಾಡಿದರೆ ಆಯ್ತು. ದೊಡ್ಡ ಬೆಕ್ಕಿಗೆ ಒಳ್ಳೆಯದೇ. ಆದರೆ ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಹೊಟ್ಟೆಯೊಳಗೂ ಅದು ಉಂಡೆ ಕಟ್ಟಬಹುದು. ನಾಲ್ಕು ತಿಂಗಳು ತುಂಬುವವರೆಗೆ ಅದು ಬೇಡ.

ಈ ಚೀಲದ ಕಥೆಯೂ ಹೀಗೇ ಒಂದು ಅಕ್ಕಪಕ್ಕದ ಮನೆಯ ಕಥೆ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಎಂಬಾತನ ಹತ್ತಿರ ಪಕ್ಕದ ಮನೆಯಾಕೆ ಬೆಕ್ಕಿಗೆ ಮರಳು ಕೇಳಿಕೊಂಡು ಬಂದಳು. ಚಳಿಗೆ ಅವಳ ಮರಳೆಲ್ಲ ಹೆಪ್ಪುಗಟ್ಟಿತ್ತು. ಆತ ಕಾರ್ಖಾನೆಗಳಲ್ಲಿ ಚೆಲ್ಲಿದ ಎಣ್ಣೆ ಹೀರಲು ಬಳಸುವ ಒಣ ಜೇಡಿಮಣ್ಣು ಕೊಟ್ಟ. ಆಕೆ ಮತ್ತೆ ಅದನ್ನೇ ಕೇಳಿಕೊಂಡು ಬಂದಳು. ಮುಂದೆ ಅದು ದೊಡ್ಡ ವ್ಯಾಪಾರವಾಯ್ತು. ಅದಕ್ಕೂ ಮೊದಲು ಅಲ್ಲಿಯವರೂ ಹಾಕುತ್ತಿದ್ದದ್ದು ಮರಳು, ಬೂದಿಯೇ.

ನಮ್ಮಲ್ಲಿ ಸುಲಭಕ್ಕೆ ಸಿಗುವುದು ಏನು? ಮನೆ ಕಟ್ಟಿ ಉಳಿದ ಮರಳನ್ನು ತೊಳೆದು ಒಣಗಿಸಿ ಎರಡು ಇಂಚು ಹಾಕಿದರೆ ಮರಿಗೆ ಅದೇ ಇಷ್ಟ. ಸಾಮಿಲ್‌ನ ಮರದ ಪುಡಿ ಕೂಡ ಆಗುತ್ತೆ, ಆದರೆ ತೀರಾ ನುಣ್ಣಗಿನ ಧೂಳು ಬೇಡ, ಸೀನು ಬರುತ್ತೆ. ಒಲೆ ಬೂದಿ ಬೇಡವೇ ಬೇಡ. ಒಲೆಯೊಳಗೆ ಮಲಗುವ ಬೆಕ್ಕನ್ನು ನೋಡಿ ಬೂದಿ ಒಳ್ಳೆಯದು ಅಂದುಕೊಳ್ಳುತ್ತಾರೆ. ಸೌದೆ ಬೂದಿಗೆ ನೀರು ಬಿದ್ದರೆ ಅದು ಕ್ಷಾರ, ಪಾದ ಸುಡುತ್ತೆ, ಆಮೇಲೆ ಅದೇ ಪಾದವನ್ನು ಬೆಕ್ಕು ನೆಕ್ಕುತ್ತೆ. ಒಣಗಿದ ಕಾಫಿ ಸಿಪ್ಪೆ ನಮ್ಮಲ್ಲಿ ರಾಶಿ ಬಿದ್ದಿರುತ್ತೆ, ಅದೂ ಬೇಡ. ಅದರಲ್ಲೂ ಕೆಫೀನ್ ಇದೆ, ಕೆಫೀನ್ ಬೆಕ್ಕಿಗೆ ಆಗಲ್ಲ.

ಬೇಸಿನ್ ಇಡುವ ಜಾಗ ಮೂಲೆಯಲ್ಲಿರಲಿ, ಗಿರಾಕಿಗಳ ಓಡಾಟ, ಫ್ರಿಜ್ ಸದ್ದು ಇಲ್ಲದ ಕಡೆ. ಊಟದ ತಟ್ಟೆ ಪಕ್ಕ ಇಡಬೇಡಿ, ಉಣ್ಣುವ ಜಾಗದಲ್ಲಿ ಬೆಕ್ಕು ಗಲೀಜು ಮಾಡಲ್ಲ. ಇದನ್ನೇ ತಿರುಗಿಸಿ ಉಪಯೋಗಿಸಬಹುದು: ಮರಿ ಪದೇ ಪದೇ ಹೋಗುವ ಮೂಲೆಯನ್ನು ತೊಳೆದು ಅಲ್ಲೇ ಊಟದ ತಟ್ಟೆ ಇಟ್ಟುಬಿಡಿ.

ಇನ್ನು ಅಭ್ಯಾಸ. ಮೊದಲ ಮೂರು-ನಾಲ್ಕು ದಿನ ಮರಿಯನ್ನು ಇಡೀ ಅಂಗಡಿಗೆ ಬಿಡಬೇಡಿ. ಸಣ್ಣ ರೂಮು ಅಥವಾ ಬಚ್ಚಲು ಮನೆಯಲ್ಲಿ ಒಂದು ತುದಿಗೆ ಬೇಸಿನ್, ಇನ್ನೊಂದು ತುದಿಗೆ ಹಾಸಿಗೆ, ಊಟ. ಎದ್ದ ಕೂಡಲೇ, ಉಂಡ ಮೇಲೆ, ಆಟ ಆಡಿದ ಮೇಲೆ ಎತ್ತಿ ಬೇಸಿನ್‌ನಲ್ಲಿ ಬಿಡಿ. ಅದರ ಕಾಲು ಹಿಡಿದು ಕೆರೆಸುವ ಸರ್ಕಸ್ ಬೇಡ, ಮರಿ ಹೆದರುತ್ತೆ. ಬೇರೆ ಕಡೆ ಮಾಡಿದ್ದನ್ನು ಸ್ವಲ್ಪ ತಂದು ಬೇಸಿನ್‌ನಲ್ಲಿ ಹಾಕಿದರೆ ವಾಸನೆ ಹಿಡಿದು ಬರುತ್ತೆ. ದಿನಕ್ಕೆ ಎರಡು ಸಲ ಗಲೀಜು ಎತ್ತಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಹಠಮಾರಿ ಅನ್ನಿಸಿಕೊಂಡ ಎಷ್ಟೋ ಮರಿಗಳ ನಿಜವಾದ ತಕರಾರು ಬೇಸಿನ್ ಕೊಳಕು ಅನ್ನೋದೇ.

ಇಷ್ಟಾದರೂ ಒಪ್ಪದಿದ್ದರೆ ಎರಡು ಬೇಸಿನ್ ಇಡಿ, ಒಂದರಲ್ಲಿ ಮರಳು, ಇನ್ನೊಂದರಲ್ಲಿ ಮರದ ಪುಡಿ. ಯಾವುದು ಬೇಕು ಅಂತ ಅದೇ ಹೇಳುತ್ತೆ. ಗೋಣಿಚೀಲದ ಚಟ ಹತ್ತಿದ ಮರಿಗೆ ಬೇಸಿನ್‌ನಲ್ಲಿ ಒಂದು ಗೋಣಿ ತುಂಡನ್ನೇ ಹಾಸಿ, ಮೇಲೆ ದಿನಾ ಒಂದು ಹಿಡಿ ಮರಳು ಜಾಸ್ತಿ ಮಾಡುತ್ತಾ ಹೋಗಿ. ಬೇಸಿನ್ ಜಾಗ ಬದಲಿಸಬೇಕಾದರೂ ದಿನಕ್ಕೆ ಅರ್ಧ ಅಡಿ ಸರಿಸಿ, ಒಮ್ಮೆಲೇ ಮಾಳಿಗೆಗೆ ಒಯ್ಯಬೇಡಿ.

ಮೂತಿಯನ್ನು ಗಲೀಜಿಗೆ ತಿಕ್ಕುವುದು, ಹೊಡೆಯುವುದು ಎರಡೂ ದಂಡ. ಇಲ್ಲಿ ಮಾಡಬಾರದು ಅನ್ನುವುದು ಅದಕ್ಕೆ ಅರ್ಥ ಆಗಲ್ಲ, ಈ ಮನುಷ್ಯ ನೋಡುವಾಗ ಮಾಡಬಾರದು ಅಂತ ಮಾತ್ರ ತಿಳಿಯುತ್ತೆ. ಆಮೇಲೆ ಮೂಟೆ ಹಿಂದೆ ಅಡಗಿಯೇ ಮಾಡುತ್ತೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಫಿನಾಯಿಲ್. ವಾಸನೆ ಬಂದ ಕೂಡಲೇ ಕಪ್ಪು ಫಿನಾಯಿಲ್ ಸುರಿಯುವುದು ಎಲ್ಲರ ಅಭ್ಯಾಸ. ಫಿನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ನಾಯಿ ತಡೆದುಕೊಳ್ಳುವ ಪ್ರಮಾಣ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು, ಕಾಲು ನೆಕ್ಕಿದರೆ ಒಳಗೆ ಹೋಯ್ತು. ಜೊಲ್ಲು ಸುರಿಯುವುದು, ಬಾಯಿ ಹುಣ್ಣು, ನಡುಕ, ತೂರಾಡುವುದು ಇದರ ಲಕ್ಷಣ. ಡೆಟಾಲ್, ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಕೂಡ ಬೇಡ. ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಒಂದು ಬೆಕ್ಕನ್ನು ಕೊಲ್ಲುವುದೂ ಹೆಚ್ಚುಕಡಿಮೆ ಇದೇ ಕಾರಣಕ್ಕೆ, ಜ್ವರ ಅಂತ ಯಾರೂ ಚೂರು ಮಾಡಿ ಹಾಕಬೇಡಿ. ಫಿನಾಯಿಲ್ ತುಳಿದಿದ್ದು ಗೊತ್ತಾದರೆ ಕಾಲನ್ನು ಸೋಪು ನೀರಲ್ಲಿ ತೊಳೆದು, ವಾಂತಿ ಮಾಡಿಸಲು ಹೋಗದೆ, ಸೀದಾ ಪಶು ವೈದ್ಯರ ಹತ್ತಿರ ಒಯ್ಯಿರಿ.

ಬ್ಲೀಚಿಂಗ್ ಪೌಡರ್ ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಕಣ್ಣು, ಎದೆ ಉರಿಸುವ ಗ್ಯಾಸ್ ಬರುತ್ತೆ, ಅದು ಅಂಗಡಿಯವರಿಗೇ ಅಪಾಯ. ಮೊದಲು ಬಟ್ಟೆಯಿಂದ ಒತ್ತಿ ಒರೆಸಿ, ಎನ್ಜೈಮ್ ಇರುವ ಬಟ್ಟೆ ಪೌಡರ್ ನೀರಲ್ಲಿ ಚೆನ್ನಾಗಿ ತೊಳೆದು, ಎರಡು ಸಲ ಬರೀ ನೀರಲ್ಲಿ ಒರೆಸಿ. ನಾವು ಮೂಗಿಗೆ ಬಡಿಯದಷ್ಟು ತೊಳೆದರೂ ಬೆಕ್ಕಿಗೆ ವಾಸನೆ ಸಿಗುತ್ತೆ, ಹಾಗಾಗಿ ಸೋಮಾರಿತನ ಬೇಡ.

ಕೆಲವೊಮ್ಮೆ ಹಠ ಅಲ್ಲ, ಕಾಯಿಲೆ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಜೀರ್ಣ ಆಗಲ್ಲ, ಬೇಧಿ ಆಗಿ ಬೇಸಿನ್‌ವರೆಗೆ ಹೋಗಲು ಪುರಸೊತ್ತೇ ಸಿಗಲ್ಲ. ಹಾಲು ನಿಲ್ಲಿಸಿ, ಹುಳದ ಔಷಧಿ ಕೊಡಿಸಿ ನೋಡಿ. ಗಂಡು ಬೆಕ್ಕು ಬೇಸಿನ್‌ನಲ್ಲಿ ಕೂತು ಮುಕ್ಕರಿದು, ಉಚ್ಚೆ ಬರದೆ ಅರಚಿದರೆ ಅದು ಮೂತ್ರನಾಳ ಕಟ್ಟಿದ್ದು. ಒಂದೆರಡು ದಿನದಲ್ಲಿ ಸಾಯಬಹುದು, ನಾಳೆ ನೋಡೋಣ ಅನ್ನುವ ವಿಷಯ ಅಲ್ಲ. ಆರು ತಿಂಗಳ ಹೊತ್ತಿಗೆ ಗಂಡು ಬೆಕ್ಕು ಗೋಡೆಗೆ ಚಿಮ್ಮಿಸಲು ಶುರು ಮಾಡಿದರೆ ಬೇಸಿನ್ ಬದಲಿಸಿ ಪ್ರಯೋಜನ ಇಲ್ಲ, ಆಪರೇಷನ್ ಮಾಡಿಸಬೇಕು.

ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕನ್ನೇ ಹೊರಗೆ ಹಾಕಿ ಅನ್ನುವವರು ಇದ್ದಾರೆ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರಬಹುದು, ಮಗುವಿಗೆ ಅಪಾಯ ಎಂಬುದು ನಿಜ. ಆದರೆ ಅದು ಹೊರಬಿದ್ದ ಕೂಡಲೇ ಅಂಟಲ್ಲ, ಒಂದರಿಂದ ಐದು ದಿನ ಬೇಕು. ದಿನಾ ಎತ್ತಿದರೆ ಅಪಾಯ ಬಹಳ ಇಳಿಯುತ್ತೆ. ಎತ್ತುವ ಕೆಲಸ ಗಂಡಸರು ಮಾಡಲಿ. ಎತ್ತಿದ್ದನ್ನು ಬಾವಿ, ತರಕಾರಿ ಪಾತಿಯಿಂದ ದೂರ ಹೂಳಿ, ಕಾವೇರಿ ಹೊಳೆಗೆ ಎಸೆಯಬೇಡಿ.

ಈ ಎಲ್ಲದಕ್ಕೂ ಒಂದು ಗಡುವು ಇದೆ. ಡಿಸೆಂಬರ್‌ಗೆ ರೊಬಸ್ಟಾ ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರಡಿದರೆ, ಆಮೇಲೆ ಕರಿಮೆಣಸು ಬಂದರೆ, ಬೆಕ್ಕಿನ ಕಣ್ಣಿಗೆ ಅದು ಒಂದು ಎಕರೆ ಬೇಸಿನ್. ಬೇಸಿನ್ ಅಭ್ಯಾಸ ಆದ ಬೆಕ್ಕೂ ಬಿಸಿಲಲ್ಲಿ ಒಣಗಿದ ಕಾಳಿನ ರಾಶಿ ಕಂಡರೆ ಕೆರೆದು ನೋಡದೆ ಬಿಡಲ್ಲ. ಕಣದ ಪಕ್ಕದ ಮನೆಯವರು ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವಾಗ ಅಂಚಿಗೆ ಕಲ್ಲು ಹೇರಿ, ಬೆಕ್ಕನ್ನು ಒಳಗೆ ಕರೆದುಕೊಂಡು ಬೇಸಿನ್ ತೋರಿಸಿ ಬಾಗಿಲು ಹಾಕಿಕೊಳ್ಳಬೇಕು.